ವಿಷಲ್ಲಕ್ಕನ ರಿಟರ್ನ್ ಟ್ರಿಪ್

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರ ಬಾಯಲ್ಲೂ ಆಕೆ ವಿಷಲ್ಲಕ್ಕ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನಿಂತೂ ನಿಂತೂ ಮಂಡಿ ಸವೆದು, ಡಾಕ್ಟರು ಇನ್ನು ಸಾಕಮ್ಮ ಎಂದ ಮೇಲೆ ಕೆಲಸ ಬಿಟ್ಟಳು. ಕೆಲಸ ಬಿಟ್ಟಳೇ ಹೊರತು ಕಂಡಕ್ಟರಿಕೆ ಬಿಡಲಿಲ್ಲ ನೋಡಿ. ಕೊರಳಿನ ವಿಷಲ್ ಕೊರಳಲ್ಲೇ ಉಳಿಯಿತು. ತರಕಾರಿ ಗಾಡಿ ನಿಲ್ಲಿಸಬೇಕಾದರೂ ಅದೇ, ಮೋಟಾರು ಆಫ್ ಮಾಡದೆ ನೀರು ಚೆಲ್ಲುವ ಮನೆಯವರನ್ನು ಎಬ್ಬಿಸಬೇಕಾದರೂ ಅದೇ. ಮನೆಗೆ ನಾಲ್ಕು ಜನ ನೆಂಟರು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರೆ, “ಮುಂದೆ ಜಾಗ ಇದೆ, ಒಳಗೆ ನಡೀರಿ, ಒಳಗೆ ನಡೀರಿ” ಎಂದು ಬೆನ್ನಿಗೆ ಕೈ ಹಾಕಿ ತಳ್ಳುವಳು.

ಅವಳಿಗೆ ಒಂದು ಜಂಭವಿತ್ತು. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತೇನೆ ಎನ್ನುವ ಜಂಭ. “ಕಂಡಕ್ಟರ್ ಹತ್ರ ಬಂದ ಕೂಡ್ಲೆ ಕಿಟಕಿ ಕಡೆ ನೋಡ್ತಾನಲ್ಲ, ಅವನೇ. ಹೊರಗೇನೋ ಸರ್ಕಸ್ ನಡೀತಿರೋ ಹಾಗೆ ನೋಡ್ತಾನೆ. ಅಂಥೋರನ್ನ ಹಿಡಿದು ಬಸ್ಸಲ್ಲಿರೋರೆಲ್ಲ ತಿರುಗಿ ನೋಡೋ ಹಾಗೆ ಕೇಳ್ಬೇಕು. ಒಂದ್ಸಲ ಮರ್ಯಾದೆ ಹೋದ್ರೆ ಜನ್ಮದಲ್ಲಿ ಟಿಕೆಟ್ ಮರೆಯಲ್ಲ.” ಇದನ್ನು ಅವಳು ಎಷ್ಟು ಸಲ ಹೇಳಿದ್ದಾಳೋ, ಬೀದಿಯ ಮಕ್ಕಳಿಗೆ ಕೂಡ ಬಾಯಿಪಾಠವಾಗಿತ್ತು.

ಗಂಡ ದೂರದೂರಿನ ಬಸ್ಸಿನ ಡ್ರೈವರ್. ಮನೆಗಿಂತ ಹೆಚ್ಚು ನಿದ್ದೆ ಮಾಡಿದ್ದು ಊರೂರ ಡಿಪೋಗಳಲ್ಲಿ. ಹಾಗಾಗಿ ಮೊದಲನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ದಿನ ಬೆಳಗಾದರೆ ಇರುತ್ತಿದ್ದವರು ಅವಳು ಮತ್ತು ಅವಳ ಮಾವ. ಮಾವ ಲಾರಿ ಪಾರ್ಸೆಲ್ ಆಫೀಸಿನಲ್ಲಿ ಬಾಳೆಲ್ಲ ಗಂಟು ಕಟ್ಟಿದವರು. ಮಾತು ಕಡಿಮೆ, ಅಚ್ಚುಕಟ್ಟು ಜಾಸ್ತಿ. ಸೊಸೆಯನ್ನು ‘ಮಗಾ’ ಎಂದು ಕರೆಯುವರು. ಅವಳೂ ಅಷ್ಟೇ, ಹೊರಗೆ ಎಷ್ಟೇ ಗುಡುಗಿದರೂ ಮಾವನ ಮುಂದೆ ದನಿ ಎತ್ತಿದವಳಲ್ಲ. ಬಾಯಿ ಜೋರು, ಮನಸ್ಸು ಹತ್ತಿ ಎಂದು ಜನ ಅನ್ನುತ್ತಿದ್ದರು. ಅರ್ಧ ನಿಜ.

ಆ ಬೀದಿ ಎರಡು ದೊಡ್ಡ ರಸ್ತೆಗಳ ನಡುವೆ ಸಿಕ್ಕಿಕೊಂಡ ಬೀದಿ. ಊರು ಬೆಳೆದ ಹಾಗೆ ಸಿಗ್ನಲ್ ತಪ್ಪಿಸಬೇಕೆನ್ನುವವರೆಲ್ಲ ಅಲ್ಲಿಗೇ ನುಗ್ಗತೊಡಗಿದರು. ಬೈಕು, ಕಾರು, ಟೆಂಪೋ, ನೀರಿನ ಟ್ಯಾಂಕರು. ಹೊಗೆಗೆ ಕಿಟಕಿ ತೆಗೆಯುವ ಹಾಗಿಲ್ಲ, ಹಾರ್ನಿಗೆ ಹಸುಗೂಸು ಮಲಗುವ ಹಾಗಿಲ್ಲ. ಒಂದು ಬೈಕು ಮಾವನ ಮೊಣಕೈಗೆ ಸವರಿಕೊಂಡು ಹೋದದ್ದೇ ತಡ, ವಿಷಲ್ಲಕ್ಕ ಸೆರಗು ಸಿಕ್ಕಿಸಿದಳು. ನಗರಸಭೆಯ ಬೆಂಚು, ಟ್ರಾಫಿಕ್ ಪೊಲೀಸರ ಬೆಂಚು, ಯಾವ ಬೆಂಚನ್ನೂ ಬಿಡಲಿಲ್ಲ. ಬೆನ್ನು ಬಿಡದ ಬೇತಾಳನ ಹಾಗೆ ಹಿಂದೆ ಬಿದ್ದು, ಕೊನೆಗೂ ಬೀದಿಯ ಎರಡೂ ತುದಿಗೆ ಕಬ್ಬಿಣದ ಗೂಟ ನೆಡಿಸಿದಳು. ಬೀದಿಯವರ ಬೈಕೊಂದು ನುಸುಳಬಹುದು, ಅಷ್ಟೇ. ಉಳಿದ ಗಾಡಿ ಬಂದ್.

ಬೀದಿಗೆ ಹೊಸ ಜೀವ ಬಂತು, ಸುಳ್ಳಲ್ಲ. ಸಂಜೆಯಾದರೆ ಕುರ್ಚಿಗಳು ಹೊರಗೆ ಬಂದವು. ಮಕ್ಕಳು ಶಟಲ್ ಆಡಿದರು. ಸಂಘದ ಅಧ್ಯಕ್ಷ, ಎಲ್ಲರೂ ‘ಮ್ಯಾನೇಜರ್’ ಎಂದೇ ಕರೆಯುವ ಬ್ಯಾಂಕಿನವರು, ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅವಳು ಉಬ್ಬಿಹೋದಳು. “ನಮ್ಮ ಮಾವನ್ನೇ ನೋಡಿ, ಕೂತಲ್ಲಿಂದ ಏಳ್ತಿರ್ಲಿಲ್ಲ. ಈಗ ಬೆಳಕು ಹರಿಯೋ ಮುಂಚೆ ಕೈಚೀಲ ಹಿಡ್ಕೊಂಡು ವಾಕಿಂಗ್ ಹೊರಡ್ತಾರೆ!” ಎಂದಳು. ಎಲ್ಲರೂ ಮತ್ತೊಮ್ಮೆ ಚಪ್ಪಾಳೆ ಹೊಡೆದರು.

ಆದರೆ ಗೂಟ ಕಸದ ಗಾಡಿಗೂ ಗೂಟವೇ ತಾನೇ? ಮೊದಲು ಅದು ಮನೆ ಮುಂದೆ ಬಂದು ನಿಲ್ಲುತ್ತಿತ್ತು, ಗೇಟಿನಿಂದ ಕೈ ಚಾಚಿ ಸುರಿದರಾಯಿತು. ಈಗ ಗಾಡಿ ಬೀದಿಯ ಬಾಯಲ್ಲಿ ನಿಲ್ಲುತ್ತದೆ, ಜನ ತಮ್ಮ ತಮ್ಮ ಬಕೆಟ್ ಹೊತ್ತುಕೊಂಡು ಅಲ್ಲಿಗೆ ಹೋಗಬೇಕು. ಹಸಿ ಕಸಕ್ಕೆ ಒಂದು, ಒಣ ಕಸಕ್ಕೆ ಒಂದು. ಮಗುವಿನ ಡೈಪರು, ಹೆಂಗಸರ ಪ್ಯಾಡು, ಗಾಯದ ಬ್ಯಾಂಡೇಜು ಇದ್ದರೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಬೇರೆ ಕೊಡಬೇಕು. ಆಯುವವರ ಕೈಗೆ ಅಂಟಬಾರದು ಎಂದು ಮಾಡಿದ ನಿಯಮ, ಒಳ್ಳೆಯದೇ. ಕೆಟ್ಟದ್ದೆಂದರೆ ಆ ಗೂಟದ ಪಕ್ಕದಲ್ಲಿ ವಿಷಲ್ಲಕ್ಕ ನಿಂತದ್ದು.

“ಕೆಂಪು ಚುಕ್ಕೆ ಯಾರ ಮನೇದು? ಎತ್ತಿ ಹಿಡೀರಿ, ಕಾಣ್ಬೇಕು! ಏನಮ್ಮ, ಮುಚ್ಚಿಟ್ಕೊಂಡು ಬರೋಕೆ ಇದೇನು ಕದ್ದ ಮಾಲಾ?” ಕಾಲೇಜಿಗೆ ಹೋಗುವ ಹುಡುಗಿಯರು ತಲೆ ತಗ್ಗಿಸಿ ಅವಳ ಮುಂದೆ ಹಾದು ಹೋಗುವರು. ಅವಳಿಗೆ ಅದು ಕಂಡಿತೇ? ಇಲ್ಲ. ಅವಳ ಕಣ್ಣೆಲ್ಲ ಬಕೆಟ್ಟಿನ ಒಳಗೆ. ಆ ಕೂಗು ಮಾತ್ರ ಬೀದಿಯ ಕೊನೆಯ ಕಿಟಕಿಯವರೆಗೂ ಕೇಳಿಸುತ್ತಿತ್ತು. ಅವಳ ಮನೆಯ ಕಿಟಕಿ ನಡುವಿನಲ್ಲೇ ಇತ್ತು.

ಇಷ್ಟಾದರೂ ಟ್ರಾನ್ಸ್‌ಫಾರ್ಮರ್ ಮೂಲೆಯಲ್ಲಿ ಕದ್ದು ಚೀಲ ಎಸೆಯುವವರು ಇದ್ದೇ ಇದ್ದರು. ಅದಕ್ಕೂ ಅವಳ ಬಳಿ ಮದ್ದಿತ್ತು. ಚೀಲ ಬಿಚ್ಚುವುದು, ಕೊರಿಯರ್ ಕವರೋ ಔಷಧಿ ಚೀಟಿಯೋ ಹುಡುಕಿ ಮನೆ ಪತ್ತೆ ಮಾಡುವುದು, ಚೀಲವನ್ನು ಅವರ ಬಾಗಿಲಲ್ಲೇ ಇಟ್ಟು, ಜನ ಹೊರಗೆ ಬರುವವರೆಗೂ ವಿಷಲ್ ಊದುವುದು. ಇದಕ್ಕೆ ಅವಳಿಟ್ಟ ಹೆಸರು ‘ರಿಟರ್ನ್ ಟ್ರಿಪ್’. ಜನಕ್ಕೂ ಮೋಜು. ಬೇರೆಯವರ ಬಾಗಿಲಾದರೆ ಯಾರಿಗೆ ಮೋಜಲ್ಲ ಹೇಳಿ? ಹಲ್ಲುಜ್ಜುತ್ತಲೇ ಓಡಿ ಬರುವರು.

ಒಂದು ಬೆಳಿಗ್ಗೆ ಮತ್ತೆ ಚೀಲ ಸಿಕ್ಕಿತು. ಆ ವಾರ ಅದು ಮೊದಲನೆಯದೇನಲ್ಲ. ವಿಷಲ್ಲಕ್ಕ ಕೈಗವಸು ಹಾಕಿ ಬಿಚ್ಚಿದಳು. ಒಳಗೆ ಪೇಪರಿನಲ್ಲಿ ಸುತ್ತಿ, ಸೆಣಬಿನ ದಾರದಿಂದ ಬಿಗಿದ ಪೊಟ್ಟಣಗಳು. “ಅಬ್ಬಬ್ಬಾ, ಏನು ಪ್ಯಾಕಿಂಗು! ಅಂಗಡಿಯವರೂ ಇಷ್ಟು ಚೆಂದ ಕಟ್ಟಲ್ಲ” ಎಂದು ನಗಿಸಿದಳು. ಒಂದನ್ನು ಕತ್ತರಿಸಿ ನೋಡಿದರೆ ಡೈಪರು. ಮಗುವಿನದಲ್ಲ, ದೊಡ್ಡವರದ್ದು. ಹೆಸರಿಲ್ಲ, ಚೀಟಿಯಿಲ್ಲ, ಏನೂ ಇಲ್ಲ.

“ಚೀಟಿ ಯಾಕೆ ಬೇಕು? ಈ ಬೀದೀಲಿ ಹಾಸಿಗೆ ಹಿಡಿದೋರು ಇರೋದು ಒಂದೇ ಮನೇಲಿ” ಎಂದಳು.

ಅವಳ ಮನೆಯ ಎದುರಿಗೇ, ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಇದ್ದಳು. ಮೇಜಿನ ಹಿಂದಿನ ಕೋಣೆಯಲ್ಲಿ ಅವಳ ತಾಯಿ, ಸೊಂಟ ಮುರಿದು ಮಲಗಿದವಳು ಎದ್ದಿರಲಿಲ್ಲ. ಮೆರವಣಿಗೆ ಅಲ್ಲಿಗೆ ಬಂತು. ಚೀಲ ಮೇಜಿನ ಮೇಲೆ, ಇಸ್ತ್ರಿ ಆಗಿ ಮಡಿಸಿಟ್ಟ ಅಂಗಿಗಳ ಪಕ್ಕದಲ್ಲಿ ಕುಳಿತಿತು. ವಿಷಲ್ ಕೂಗಿತು. ಇಸ್ತ್ರಿಯವಳು ನೀರು ಚಿಮುಕಿಸುತ್ತಿದ್ದ ಕೈ ಒರೆಸಿಕೊಂಡಳು.

“ಇದು ನಮ್ಮದಲ್ಲ ಅಕ್ಕ. ನಮ್ಮದನ್ನ ದಿನಾ ಗಾಡಿಗೇ ಕೊಡ್ತೀನಿ, ನೀವೇ ನೋಡ್ತೀರಲ್ಲ.”

“ನಾಲ್ಕು ದಿನ ಕೊಟ್ಟು ಮೂರು ದಿನ ಎಸೆದ್ರೆ ಲೆಕ್ಕ ಸರಿಹೋಗುತ್ತಾ? ಮುಖ ನೋಡಿ ಹೇಳು, ಇದು ನಿಮ್ಮಮ್ಮಂದಲ್ವಾ?”

ಇಸ್ತ್ರಿಯವಳು ಅವಳ ಮುಖ ನೋಡಲಿಲ್ಲ. ಅವಳ ಕಣ್ಣು ವಿಷಲ್ಲಕ್ಕನ ಹೆಗಲ ಮೇಲಿಂದ ಹಾದು ಎದುರು ಮನೆಯ ಮೊದಲನೇ ಮಹಡಿಯ ಕಿಟಕಿಗೆ ಹೋಯಿತು. ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು.

“ಆಯ್ತು ಬಿಡಿ ಅಕ್ಕ. ಒಳಗಿಡ್ತೀನಿ. ನಾಳೆ ಗಾಡಿಗೆ ಕೊಡ್ತೀನಿ.”

“ನೋಡಿದ್ರಾ!” ವಿಷಲ್ಲಕ್ಕ ಜನರ ಕಡೆ ತಿರುಗಿದಳು. “ಕಿಟಕಿ ಕಡೆ ನೋಡಿದ್ಲು. ಅಲ್ಲಿಗೆ ಮುಗೀತು. ಇಷ್ಟು ವರ್ಷದ ಸರ್ವೀಸು ಸುಮ್ನೆನಾ?”

ಜನ ನಕ್ಕರು. ಒಳಗಿನಿಂದ ಮುದುಕಿಯ ಕ್ಷೀಣ ದನಿ, “ಏನಂತೆ? ನನ್ನಿಂದ ಏನಾಯ್ತು?” ಎಂದು ಕೇಳಿತು.

ಅಲ್ಲಿಂದ ಮುಂದೆ ಇಸ್ತ್ರಿಯವಳ ಮೇಜಿನ ಮೇಲಿನ ಬಟ್ಟೆಯ ರಾಶಿ ಕರಗತೊಡಗಿತು. ಇಂಥ ಮನೆಗೆ ಬಟ್ಟೆ ಕೊಡುವುದು ಹೇಗೆ ಎಂದು ಒಬ್ಬರು ಅಂದರು, ಮತ್ತೊಬ್ಬರಿಗೆ ಅಂಗಿಯಿಂದ ವಾಸನೆ ಬಂತಂತೆ. ಮೂಗು ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಚುರುಕಾಯಿತು! ಮ್ಯಾನೇಜರ್ ಮನೆಯವರು ದೊಡ್ಡ ರಸ್ತೆಯ ಲಾಂಡ್ರಿಗೆ ಕೊಡತೊಡಗಿದರು. ವಿಷಲ್ಲಕ್ಕನಿಗೆ ಸ್ವಲ್ಪ ಇರುಸುಮುರುಸಾಯಿತು. ಆದರೂ ತಪ್ಪು ಮಾಡಿದವರು ಅನುಭವಿಸಬೇಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಟ್ರಾನ್ಸ್‌ಫಾರ್ಮರ್ ಮೂಲೆ ಚೊಕ್ಕವಾಗಿಯೇ ಇತ್ತು. ಅದೇ ದೊಡ್ಡ ಸಾಕ್ಷಿ ಅಂದುಕೊಂಡಳು.

ಹೀಗಿರುವಾಗ ಒಂದು ಮಧ್ಯಾಹ್ನ ಮಾವ ವರಾಂಡದಲ್ಲಿ ಕೂತು ಹಳೇ ಪೇಪರು ಕಟ್ಟುತ್ತಿದ್ದರು. ಗುಜರಿಯವನು ಬರುವ ದಿನ. ವಿಷಲ್ಲಕ್ಕ ಬಟ್ಟೆ ಒಣಗಿಸುತ್ತ ಸುಮ್ಮನೆ ನೋಡುತ್ತಿದ್ದಳು. ಸೆಣಬಿನ ದಾರ, ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಮೂಲೆಯಲ್ಲಿ ತಿರುವಿ ಒಂದು ಕುಣಿಕೆ, ತುದಿಯನ್ನು ಮಡಿಸಿ ಒಳಗೆ ಸೇರಿಸಿಬಿಡುವುದು. ಪಾರ್ಸೆಲ್ ಆಫೀಸಿನ ಗಂಟು. ಮದುವೆಯಾಗಿ ಬಂದಾಗಿನಿಂದ ಕಂಡ ಗಂಟು. ಮನೆಯಲ್ಲಿ ಮಾವ ಕಟ್ಟಿದ ಯಾವುದಕ್ಕೂ ಇದೇ ಗಂಟು.

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೆಯೇ ನಿಂತಿತು. ಏನು ಪ್ಯಾಕಿಂಗು, ಅಂಗಡಿಯವರೂ ಇಷ್ಟು ಚೆಂದ ಕಟ್ಟಲ್ಲ.

ಮಾವ ಸ್ನಾನಕ್ಕೆ ಹೋದಾಗ ಅವರ ಮಂಚದ ಕೆಳಗೆ ಬಗ್ಗಿ ನೋಡಿದಳು. ಟ್ರಂಕಿನ ಹಿಂದೆ, ಹಳೇ ಕಂಬಳಿಯಲ್ಲಿ ಸುತ್ತಿಟ್ಟ ಡೈಪರಿನ ಪ್ಯಾಕೆಟ್ಟು. ಪಕ್ಕದಲ್ಲಿ ದಾರ ಕಟ್ಟಿದ ಪೊಟ್ಟಣಗಳು, ಒಂದರ ಮೇಲೊಂದು ಜೋಡಿಸಿಟ್ಟದ್ದು. ಮೂಲೆಗೆ ಹಾಕಲು ಹೆದರಿ, ಗಾಡಿಗೆ ಕೊಡಲು ನಾಚಿ, ಅವರು ತಮ್ಮ ಮಂಚದ ಕೆಳಗೇ ಕೂಡಿಹಾಕಿಕೊಂಡು ಅದರ ಮೇಲೆ ಮಲಗುತ್ತಿದ್ದರು. ಕೋಣೆಯ ಕಿಟಕಿ ಸದಾ ಯಾಕೆ ತೆರೆದಿರುತ್ತಿತ್ತು, ಊದುಬತ್ತಿ ಯಾಕೆ ಅಷ್ಟು ಬೇಗ ಖಾಲಿಯಾಗುತ್ತಿತ್ತು ಎನ್ನುವುದು ಆಗ ಹೊಳೆಯಿತು. ಊರವರೆಲ್ಲರ ಚೀಲ ಬಿಚ್ಚಿ ಮನೆ ಪತ್ತೆ ಮಾಡಿದವಳಿಗೆ ಪಕ್ಕದ ಕೋಣೆ ಪತ್ತೆಯಾಗಿರಲಿಲ್ಲ.

ಅವಳು ನೆಲದ ಮೇಲೆ ಕುಸಿದು ಕೂತಳು. ನಾಚಿಕೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು, ಬೇರೆಯವರ ಮುಖದ ಮೇಲೆ ನೋಡಿದ್ದಳು. ತನ್ನ ಮೈಯಲ್ಲಿ ಅದು ಹೀಗೆ ಬೆಂಕಿಯಾಗಿ ಏರುತ್ತದೆ ಎಂದು ಗೊತ್ತಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತಾಗ ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಕಳ್ಳಿಯ ಹಾಗೆ ಹೊರಗೆ ಬಂದಳು.

ಈಗ ಏನು ಮಾಡುವುದು? ಇಸ್ತ್ರಿಯವಳದಲ್ಲ ಎಂದು ಬೀದಿಯಲ್ಲಿ ಹೇಳಿದರೆ ಮತ್ತಾರದ್ದು ಎಂದು ಕೇಳುತ್ತಾರೆ. ಮಾವನ ಹೆಸರು ಹೇಳಿದರೆ ಆ ಜೀವ ಮತ್ತೆ ಮೆಟ್ಟಿಲಿಳಿಯುವುದಿಲ್ಲ. ಹೇಳದಿದ್ದರೆ ಎದುರು ಮನೆಯ ಒಲೆ ಆರುತ್ತದೆ. ಸಂಜೆ ಅವಳು ಇಸ್ತ್ರಿಯವಳ ಮೇಜಿನ ಮುಂದೆ ಹೋಗಿ ನಿಂತಳು. ವಿಷಲ್ ಮನೆಯಲ್ಲೇ ಬಿಟ್ಟಿದ್ದಳು. ಮೇಜಿನ ಮೇಲೆ ಎರಡೇ ಎರಡು ಪ್ಯಾಂಟು.

“ಅವತ್ತಿನ ಚೀಲ...” ಎಂದಳು.

“ತಾತಂದು. ಗೊತ್ತು” ಎಂದಳು ಇಸ್ತ್ರಿಯವಳು, ಪೆಟ್ಟಿಗೆ ಆಡಿಸುತ್ತಲೇ. “ಇದ್ದಲು ಹೊತ್ತಿಸೋಕೆ ನಾನು ಬೇಗ ಏಳ್ತೀನಿ. ಎಷ್ಟೋ ಸಲ ನೋಡಿದೀನಿ ಅವರು ಮೂಲೇಲಿ ಚೀಲ ಇಡೋದನ್ನ.”

“ಮತ್ತೆ ಹೇಳ್ಬಾರ್ದಿತ್ತಾ ನೀನು? ಅಷ್ಟು ಜನರ ಮುಂದೆ ಬೈಸ್ಕೊಂಡು ಯಾಕೆ ಸುಮ್ನಿದ್ದೆ?”

“ಯಾರಿಗೆ ಹೇಳ್ಲಿ ಅಕ್ಕ? ಅವರು ಕಿಟಕೀಲಿ ನಿಂತಿದ್ರು, ಸರಳು ಹಿಡ್ಕೊಂಡು. ನಾನು ಹೇಳಿದ್ದಿದ್ರೆ ನೀವು ಆ ಚೀಲ ತಗೊಂಡು ಹೋಗಿ ಅವರ ಮುಂದೆ ಇಟ್ಟು ವಿಷಲ್ ಊದ್ತಿದ್ರಿ. ಊದ್ತಿರ್ಲಿಲ್ವಾ? ನೀವೇ ಹೇಳಿ.”

ಇಲ್ಲ ಎನ್ನಲು ವಿಷಲ್ಲಕ್ಕ ಬಾಯಿ ತೆರೆದಳು. ಅಂದು ತನ್ನ ಸುತ್ತ ನಕ್ಕ ಜನ ನೆನಪಾದರು, ಆ ನಗುವಿನಲ್ಲಿ ತಾನು ಉಬ್ಬಿದ್ದು ನೆನಪಾಯಿತು. ಬಾಯಿ ಮುಚ್ಚಿದಳು. ಬಹುಶಃ ಊದುತ್ತಿದ್ದಳು. ‘ನಮ್ಮ ಮನೆಯಾದ್ರೇನು, ರೂಲ್ಸು ರೂಲ್ಸೇ’ ಎಂದು ಅದರಲ್ಲೂ ಒಂದು ಹೆಸರು ಮಾಡಿಕೊಳ್ಳುತ್ತಿದ್ದಳು.

“ಬಟ್ಟೆ ಹೋದ್ರೆ ಹೋಗ್ಲಿ, ಬೇರೆ ಬೀದಿಯಿಂದ ತರ್ತೀನಿ” ಎಂದಳು ಇಸ್ತ್ರಿಯವಳು. ಈಗ ಅವಳು ಪೆಟ್ಟಿಗೆ ಪಕ್ಕಕ್ಕಿಟ್ಟಳು. “ನಮ್ಮಮ್ಮನ್ನ ಏನು ಮಾಡ್ಲಿ ಹೇಳಿ? ಅವತ್ತಿಂದ ನೀರು ಮುಟ್ತಿಲ್ಲ. ಕುಡಿದ್ರೆ ಒದ್ದೆ ಆಗುತ್ತೆ, ಒದ್ದೆ ಆದ್ರೆ ನಿನ್ನ ಬೀದೀಲಿ ನಿಲ್ಲಿಸ್ತಾರೆ, ಬೇಡ ಅಂತಾಳೆ. ಚಮಚದಲ್ಲಿ ತುಟಿ ಒದ್ದೆ ಮಾಡ್ತಿದೀನಿ. ಹೀಗೇ ಆದ್ರೆ ಡ್ರಿಪ್ ಹಾಕ್ಬೇಕು ಅಂದ್ರು ಡಾಕ್ಟ್ರು.”

ವಿಷಲ್ಲಕ್ಕ ಒಳಗೆ ಹೋಗಿ ಆ ಮುದುಕಿಯ ಕಾಲು ಹಿಡಿಯಬೇಕೆಂದುಕೊಂಡಳು. ಬಾಗಿಲವರೆಗೆ ಹೋದಳು. ಅವಳನ್ನು ಕಂಡ ಕೂಡಲೇ ಮುದುಕಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, “ಇವತ್ತೇನೂ ಆಗಿಲ್ಲ ತಾಯಿ, ಒಣಗೇ ಇದೆ, ಬೇಕಾದ್ರೆ ನೋಡಿ” ಎಂದಿತು. ಅವಳು ಅಲ್ಲಿ ನಿಲ್ಲಲಾರದೆ ವಾಪಸು ಬಂದುಬಿಟ್ಟಳು.

ಮರುದಿನ ಬೆಳಿಗ್ಗೆ ಮಾವ ಇನ್ನೂ ಹಾಸಿಗೆಯಲ್ಲಿರುವಾಗಲೇ ಅವಳು ಅವರ ಕೋಣೆಗೆ ಹೋಗಿ, ಮಂಚದ ಕೆಳಗಿನಿಂದ ಪೊಟ್ಟಣಗಳನ್ನೆಲ್ಲ ಹೊರಗೆಳೆದಳು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಚ್ಚರವಿತ್ತೋ ಇಲ್ಲವೋ, ಉಸಿರು ಮಾತ್ರ ನಿಂತಂತಿತ್ತು. ಅವಳು ಒಂದೊಂದರ ಮೇಲೂ ಕೆಂಪು ಚುಕ್ಕೆ ಇಟ್ಟು, ಬಕೆಟ್ಟಿನ ತುಂಬ ಹೊತ್ತು ಬೀದಿಯ ಬಾಯಿಗೆ ನಡೆದಳು. ಮುಚ್ಚಳ ಹಾಕಲಿಲ್ಲ. ಆ ದಾರಿ ಅಷ್ಟು ಉದ್ದವೆಂದು ಅವಳಿಗೆ ಅವತ್ತೇ ತಿಳಿದದ್ದು.

“ಏನ್ರೀ ವಿಷಲ್ಲಕ್ಕ, ಇಷ್ಟೊಂದು ಕೆಂಪು ಚುಕ್ಕೆ!” ಎಂದರು ಮ್ಯಾನೇಜರ್. “ಯಾರ ಮನೇದು ಹಿಡಿದ್ರಿ?”

“ನಮ್ಮ ಮನೇದು. ನಂದು” ಎಂದಳು. ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುತ್ತಿದ್ದ ಆ ದನಿ ಈಗ ಪಕ್ಕದವರಿಗೂ ಕೇಳಿಸಲಿಲ್ಲ. ಕೆಮ್ಮಿ ಮತ್ತೆ ಹೇಳಿದಳು. “ಅವತ್ತು ಮೂಲೇಲಿ ಸಿಕ್ಕಿದ ಚೀಲಾನೂ ನಂದೇ. ಇಸ್ತ್ರಿಯವಳದ್ದಲ್ಲ. ನನ್ನ ಗಲೀಜನ್ನ ಅವಳ ಬಾಗಿಲಿಗೆ ತಗೊಂಡು ಹೋಗಿ ಇಟ್ಟೆ.”

ಯಾರಾದರೂ ಬೈಯಲಿ ಎಂದು ಕಾದಳು. ಯಾರೂ ಬೈಯಲಿಲ್ಲ. ಕೆಲವರು ಅವಳ ಸೊಂಟದ ಕೆಳಗೆ ನೋಡಿ ಕಣ್ಣು ತಿರುಗಿಸಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಗಾಡಿಯವನು ಮಾತ್ರ, “ಕೊಡಿ ಅಕ್ಕ, ಭಾರ ಇದೆ” ಎಂದು ಬಕೆಟ್ ತೆಗೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಒಂದೆರಡು ಮನೆಯ ಬಟ್ಟೆ ಇಸ್ತ್ರಿಯವಳ ಮೇಜಿಗೆ ತಿರುಗಿ ಬಂತು. ಮ್ಯಾನೇಜರ್ ಮನೆಯದು ಬರಲಿಲ್ಲ. ಲಾಂಡ್ರಿಯವರು ಮನೆಗೇ ತಂದು ಕೊಡುತ್ತಾರಂತೆ.

ಸಂಜೆ ಇಸ್ತ್ರಿಯವಳು ಕೆಳಗಿನಿಂದ ವಿಷಲ್ಲಕ್ಕನ ಕಿಟಕಿಯ ಕಡೆ ನೋಡಿ ಕೂಗಿ ಹೇಳಿದಳು, “ನೀವು ಹೇಳಿದ್ದನ್ನ ಅಮ್ಮನಿಗೆ ಹೇಳ್ದೆ ಅಕ್ಕ. ನಂಬ್ತಿಲ್ಲ. ಗಟ್ಟಿಮುಟ್ಟಾದ ಹೆಂಗಸಿಗೆ ಅದೆಲ್ಲ ಯಾಕೆ ಬೇಕು, ನನ್ನ ಸಮಾಧಾನಕ್ಕೆ ಸುಳ್ಳು ಕಟ್ತಿದೀರಿ ಅಂತಾಳೆ.”

ವಿಷಲ್ಲಕ್ಕ ತಿರುಗಿದರೆ ಮಾವ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

“ಅದು ನಿಂದಲ್ಲ ಮಗಾ” ಎಂದರು.

“ಇರ್ಲಿ ಬಿಡಿ ಮಾವ.”

“ನಂದು.” ಆ ಒಂದು ಮಾತಿಗೆ ಅವರ ಕತ್ತಿನ ನರವೆಲ್ಲ ಉಬ್ಬಿತು. “ಅವತ್ತು ಆ ಹುಡುಗಿ ನನ್ನ ಮುಖ ನೋಡಿದ್ಲು. ಕೈ ಎತ್ತಿದ್ರೆ ಸಾಕಾಗ್ತಿತ್ತು. ನಾನು ಪರದೆ ಹಿಂದೆ ಸರಿದೆ.”

“ನನ್ನ ಬಾಯಿಗೆ ಹೆದರಿ ತಾನೇ?” ಎಂದು ಅವಳು ಕೇಳಿದಳು. ಅಲ್ಲ ಎನ್ನಲಿ ಎಂದು ಅವಳ ಜೀವವೆಲ್ಲ ಬೇಡಿಕೊಂಡಿತು.

“ಹೂಂ” ಎಂದರು ಮಾವ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಚಪ್ಪಲಿ ಹುಡುಕಿ ಹಾಕಿಕೊಂಡರು. ಅವಳು ತೋಳು ಹಿಡಿಯಲು ಹೋದಾಗ, “ನೀನು ಬರ್ಬೇಡ ಮಗಾ. ನಿನ್ನ ಕಂಡ್ರೆ ಆಯಮ್ಮ ಹೆದರ್ಕೊಳ್ತಾರೆ” ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದರು.

ಇನ್ನೂ ಬೆಳಕಿತ್ತು. ಮಕ್ಕಳು ಶಟಲ್ ಆಡುತ್ತಿದ್ದವು, ಕುರ್ಚಿಗಳಲ್ಲಿ ಜನವಿತ್ತು. ಮಾವ ಅವರ ನಡುವೆಯೇ ಬೀದಿ ದಾಟಿ ಇಸ್ತ್ರಿ ಮೇಜಿನ ಪಕ್ಕದಿಂದ ಒಳಗೆ ಹೋದರು. ಕಿಟಕಿಯಲ್ಲಿ ನಿಂತ ವಿಷಲ್ಲಕ್ಕನಿಗೆ ಆ ಮನೆಯ ತೆರೆದ ಬಾಗಿಲಿನಿಂದ ಮಂಚದ ತಲೆ ಕಡೆ ಮಾತ್ರ ಕಾಣುತ್ತಿತ್ತು. ಮಾವ ಸ್ಟೂಲೆಳೆದುಕೊಂಡು ಕೂತರು. ಏನು ಹೇಳಿದರೋ ಕೇಳಿಸಲಿಲ್ಲ. ಪಂಚೆಯ ಮೇಲಿನಿಂದಲೇ ತಮ್ಮ ಸೊಂಟವನ್ನು ತಟ್ಟಿ ತೋರಿಸಿದರು. ಮುದುಕಿ ಹೊದಿಕೆಯಿಂದ ಮುಖ ಹೊರಗೆ ಹಾಕಿ ಅವರನ್ನೇ ನೋಡಿತು.

ಇಸ್ತ್ರಿಯವಳು ಎರಡು ಲೋಟ ನೀರು ತಂದಳು. ಮಾವ ತಮ್ಮದನ್ನು ಎತ್ತಿ, ಒಂದು ತೊಟ್ಟೂ ಉಳಿಯದ ಹಾಗೆ ಕುಡಿದು, ಖಾಲಿ ಲೋಟವನ್ನು ಬೋರಲು ಮಾಡಿ ತೋರಿಸಿದರು. ಮುದುಕಿ ಒಂದು ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆಯಿತು. ಆಮೇಲೆ ಮಗಳ ಕೈಯಿಂದ ಲೋಟ ತೆಗೆದುಕೊಂಡು ತುಟಿಗಿಟ್ಟಿತು. ಕುಡಿಯುವ ಮೊದಲು ಎದುರು ಮನೆಯ ಕಿಟಕಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕಣ್ಣೆತ್ತಿ ನೋಡಿತು.

ವಿಷಲ್ಲಕ್ಕ ಪರದೆಯ ಹಿಂದೆ ಸರಿದು ನಿಂತಳು.